ಬೀಟೆ ಬೆಳೆಯುವ ನೆಲದಿಂದ ಗಿಟಾರ್ ಅಳೆಯುವಾಗ

ಸಕಲೇಶಪುರದಿಂದ ಹೆತ್ತೂರು ದಾಟಿ ವನಗೂರಿಗೆ, ಅಲ್ಲಿಂದ ಬಿಸಿಲೆ ಘಾಟಿಗೆ ಹೋಗುವ ದಾರಿಯುದ್ದಕ್ಕೂ ಕಾಫಿ ತೋಟಗಳಿವೆ. ಅಲ್ಲಿ ನೆರಳಿಗೆಂದು ಉಳಿಸಿಕೊಂಡ ಹಲಸು, ಅತ್ತಿ, ಹೊನ್ನೆ, ಮತ್ತಿಗಳ ನಡುವೆ ಬೀಟೆಯೂ ಇದೆ. ಮಲೆನಾಡಿನವರಿಗೆ ಅದು ಮಂಚದ ಮರ, ಬಾಗಿಲಿನ ಮರ, ಮುಟ್ಟಿದರೆ ಅರಣ್ಯ ಇಲಾಖೆಗೆ ಉತ್ತರ ಕೊಡಬೇಕಾದ ಮರ. ಗಿಟಾರ್ ತಯಾರಿಸುವವರಿಗೆ ಇದೇ ಜಾತಿಯ ಮರ ಈಸ್ಟ್ ಇಂಡಿಯನ್ ರೋಸ್‌ವುಡ್. 1930ರ ದಶಕದ ಅಕೂಸ್ಟಿಕ್ ಗಿಟಾರ್‌ಗಳನ್ನು ಈಗ ಮತ್ತೆ ತಯಾರಿಸಿ ಮಾರುವಾಗ ಅವುಗಳ ಬೆನ್ನಿಗೂ ಪಕ್ಕಗಳಿಗೂ ಹೆಚ್ಚಾಗಿ ಬಳಕೆಯಾಗುವುದು ಈ ಮರವೇ. ಆದರೂ ವಿಂಟೇಜ್ ಗಿಟಾರ್‌ಗಳ ಲೋಕದಲ್ಲಿ ಬೀಟೆಗೆ ಸಿಕ್ಕಿರುವುದು ಬದಲಿಯ ಸ್ಥಾನ. ಅಸಲಿ ಮರ ಸಿಗದಿದ್ದಾಗ ಒಪ್ಪಿಕೊಳ್ಳುವ ಮರ ಎಂಬ ಮಾತು ಅಲ್ಲಿ ಐವತ್ತು ವರ್ಷಗಳಿಂದ ನಡೆದುಬಂದಿದೆ.

ಈ ಮಾತಿನ ಹಿಂದೆ ಒಂದು ಅಳತೆಗೋಲಿದೆ. ಹಳೆಯ ಗಿಟಾರಿಗೆ ಎಷ್ಟು ಹತ್ತಿರವೋ ರೀಇಶ್ಯೂ, ಅಂದರೆ ಹಳೆಯ ಮಾದರಿಯ ಮರುತಯಾರಿ, ಅಷ್ಟು ಉತ್ತಮ ಎನ್ನುವುದು ಅದರ ತಿರುಳು. ಮರದ ಜಾತಿ, ಅಂಟಿನ ಬಗೆ, ಅಂಚಿನ ಅಲಂಕಾರ, ಕೀಲಿಗಳ ಬಣ್ಣ ಎಲ್ಲವನ್ನೂ ಪಟ್ಟಿ ಮಾಡಿ, ಹೊಂದಿದ್ದಕ್ಕೆ ಅಂಕ ಕೊಟ್ಟು, ಹೊಂದದ್ದಕ್ಕೆ ಕಳೆಯುವ ವಿಮರ್ಶೆ ಇದರಿಂದ ಹುಟ್ಟಿದೆ. ಈ ಅಳತೆಗೋಲೇ ತಪ್ಪು ಎಂಬುದು ನನ್ನ ವಾದ. ಹಳೆಯ ಗಿಟಾರ್ ಯಾವ ಕಾರಣಗಳಿಂದ ಒಳ್ಳೆಯದಾಯಿತು ಎಂಬುದನ್ನು ಹೊಸದು ಅರಿತಿದೆಯೇ, ಇಂದಿನ ಕಾಡಿನಲ್ಲಿ ಸಿಗುವ ಮರದಿಂದ ಆ ಗುಣವನ್ನು ಹೊರತೆಗೆದಿದೆಯೇ, ಆ ಮರ ಎಲ್ಲಿಂದ ಹೇಗೆ ಬಂತೆಂದು ಹೇಳಬಲ್ಲದೇ? ರೀಇಶ್ಯೂವನ್ನು ಈ ಮೂರು ಪ್ರಶ್ನೆಗಳಿಂದ ಅಳೆಯಬೇಕು.

ಅತಿ ಹೆಚ್ಚು ಅನುಕರಣೆಗೆ ಒಳಗಾದ ಗಿಟಾರ್‌ಗಳಲ್ಲಿ ಒಂದನ್ನೇ ತೆಗೆದುಕೊಳ್ಳೋಣ. ಮಾರ್ಟಿನ್ ಕಂಪನಿ 1833ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಊರಿಗೆ ಹೋಗಿ ನೆಲೆಸಿತು. ಡ್ರೆಡ್‌ನಾಟ್ ಎಂಬ ಅಗಲ ಸೊಂಟದ ದೊಡ್ಡ ಗಿಟಾರನ್ನು ಅದು ಮೊದಲು 1916ರಲ್ಲಿ ಬೇರೊಂದು ಮಾರಾಟಗಾರ ಕಂಪನಿಗಾಗಿ ತಯಾರಿಸಿತು. 1931ರಲ್ಲಿ ತನ್ನದೇ ಹೆಸರಿನಲ್ಲಿ ಹೊರತಂದಿತು. 1934ರ ಹೊತ್ತಿಗೆ ಅದು ಇಂದು ನಾವು ಕಾಣುವ 14 ಫ್ರೆಟ್‌ಗಳ ರೂಪ ಪಡೆಯಿತು. ಅದರಲ್ಲಿ ಡಿ-28 ಎಂಬ ಮಾದರಿಗೆ ಕೆಂಪು ಸ್ಪ್ರೂಸ್ ಮರದ ಮೇಲ್ಹಲಗೆ, ಬ್ರೆಜಿಲಿಯನ್ ರೋಸ್‌ವುಡ್ ಬೆನ್ನು, ಅಂಚಿಗೆ ಮೀನಿನ ಮೂಳೆಯ ವಿನ್ಯಾಸದ ಹೆರಿಂಗ್‌ಬೋನ್ ಪಟ್ಟಿ. ಮೇಲ್ಹಲಗೆಯ ಒಳಗೆ ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಹಾಯುವ ಒಳಪಟ್ಟಿಗಳಿದ್ದವು. ಅವುಗಳ ಹೊಟ್ಟೆಯನ್ನು ಕೆತ್ತಿ ತೆಳುವಾಗಿಸಲಾಗಿತ್ತು.

ಮುಂದಿನ ಮೂರೂವರೆ ದಶಕಗಳಲ್ಲಿ ಇದೆಲ್ಲ ಒಂದೊಂದಾಗಿ ಬದಲಾಯಿತು. ಮೂವತ್ತರ ದಶಕದ ಕೊನೆಯಲ್ಲಿ ಒಳಪಟ್ಟಿಗಳು ಕೂಡುವ ಜಾಗ ನಾದರಂಧ್ರದಿಂದ ದೂರ ಸರಿಯಿತು. ದಪ್ಪ ತಂತಿ ಹಾಕುವವರು ಹೆಚ್ಚಾದಂತೆ, 1944ರ ಕೊನೆಗೆ ಒಳಪಟ್ಟಿಗಳನ್ನು ಕೆತ್ತಿ ಹಗುರಾಗಿಸುವುದು ನಿಂತಿತು. ಅದೇ ಕಾಲಕ್ಕೆ ಕೆಂಪು ಸ್ಪ್ರೂಸ್ ಹೋಗಿ ಸಿಟ್ಕಾ ಸ್ಪ್ರೂಸ್ ಬಂತು. 1947ರ ಸುಮಾರಿಗೆ ಹೆರಿಂಗ್‌ಬೋನ್ ಪಟ್ಟಿಯೂ ಮಾಯವಾಯಿತು. ಕೊನೆಗೆ ಬ್ರೆಜಿಲ್ ತನ್ನ ದಿಮ್ಮಿಗಳ ರಫ್ತಿಗೆ ಕಡಿವಾಣ ಹಾಕಿದ ಮೇಲೆ, 1969ರಲ್ಲಿ ಬ್ರೆಜಿಲಿಯನ್ ರೋಸ್‌ವುಡ್ ಜಾಗಕ್ಕೆ ನಮ್ಮ ಬೀಟೆ ಬಂತು.

ಗಮನಿಸಬೇಕಾದದ್ದು ಈ ಬದಲಾವಣೆಗಳ ಕ್ರಮವನ್ನು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಗಿಟಾರ್‌ಗಳ ದನಿಯೇ ಬೇರೆ ಎಂದು ನುಡಿಸುವವರು ಗುರುತಿಸುವ ಗೆರೆ ಮೂವತ್ತರ ದಶಕದ ಕೊನೆಯಿಂದ 1944ರವರೆಗೆ ಬೀಳುತ್ತದೆ. ಬೆನ್ನಿನ ಮರ ಬದಲಾದದ್ದು ಅದಾದ ಕಾಲು ಶತಮಾನದ ನಂತರ. ಐವತ್ತರ ದಶಕದ ಡಿ-28 ಗಿಟಾರ್‌ಗಳ ಬೆನ್ನೂ ಬ್ರೆಜಿಲಿಯನ್ ರೋಸ್‌ವುಡ್‌ನದೇ. ಆದರೂ ಯುದ್ಧಪೂರ್ವದ ದನಿ ಬೇಕೆನ್ನುವವರು ಅವುಗಳನ್ನು ದಾಟಿ ಹಿಂದಿನವನ್ನೇ ಹುಡುಕುತ್ತಾರೆ. ವ್ಯತ್ಯಾಸದ ಮೂಲ ಮೇಲ್ಹಲಗೆ ಮತ್ತು ಒಳಪಟ್ಟಿಗಳಲ್ಲಿದೆ ಎನ್ನುವುದಕ್ಕೆ ಇತಿಹಾಸವೇ ಸಾಕ್ಷಿ. ಅಮೆರಿಕದ ಕೆಲವು ಕುಶಲಕರ್ಮಿಗಳು ಇದನ್ನು ಬೇಗ ಅರಿತರು. ಹೊಸ ಗಿಟಾರ್‌ಗಳ ಒಳಗೆ ಕೈಹಾಕಿ ಒಳಪಟ್ಟಿಗಳನ್ನು ಹಳೆಯ ರೀತಿಯಲ್ಲಿ ಕೆತ್ತತೊಡಗಿದರು. 1976ರಲ್ಲಿ ಕಂಪನಿಯೇ ಎಚ್‌ಡಿ-28 ಎಂಬ ಮಾದರಿ ತಂದಿತು. ಕೆತ್ತಿದ ಒಳಪಟ್ಟಿಗಳು ಮರಳಿದವು, ಹೆರಿಂಗ್‌ಬೋನ್ ಮರಳಿತು, ಬೆನ್ನಿಗೆ ಬೀಟೆಯೇ ಉಳಿಯಿತು. ಐವತ್ತು ವರ್ಷಗಳಿಂದ ಆ ಗಿಟಾರ್ ಜಗತ್ತಿನಾದ್ಯಂತ ನುಡಿಯುತ್ತಿದೆ. ಯುದ್ಧಪೂರ್ವದ ದನಿಯತ್ತ ಮರಳುವ ದಾರಿಯಲ್ಲಿ ಬೀಟೆ ಮೊದಲಿನಿಂದಲೂ ಜೊತೆಗಿತ್ತು.

ಒಳಪಟ್ಟಿಗಳಿಗೆ ಇಷ್ಟು ಮಹತ್ವ ಏಕೆ? ಸ್ಟೀಲ್ ತಂತಿಯ ಡ್ರೆಡ್‌ನಾಟ್ ಗಿಟಾರಿನ ಆರು ತಂತಿಗಳು ಸೇರಿ ಬ್ರಿಡ್ಜನ್ನು ಎಳೆಯುವ ಬಲ 70ರಿಂದ 85 ಕಿಲೋ. ಅಷ್ಟು ಬಲವನ್ನು ಮೂರು ಮಿಲಿಮೀಟರ್ ಆಸುಪಾಸಿನ ಹಲಗೆಯೊಂದು ಹೊರಬೇಕು, ಹೊರುತ್ತಲೇ ಕಂಪಿಸಬೇಕು. ಒಳಪಟ್ಟಿ ಬಲವಾದರೆ ಗಿಟಾರ್ ಬಾಳುತ್ತದೆ, ದನಿ ಮಾತ್ರ ಬಿಗಿಯಾಗಿಬಿಡುತ್ತದೆ. ಹಗುರಾದರೆ ದನಿ ಅರಳುತ್ತದೆ, ಆದರೆ ಹಲಗೆ ಉಬ್ಬಿ ಬ್ರಿಡ್ಜ್ ಕಿತ್ತು ಬರುವ ಅಪಾಯವಿದೆ. ಒಳ್ಳೆಯ ಗಿಟಾರ್ ಈ ಎರಡರ ಅಂಚಿನಲ್ಲಿ ನಿಂತಿರುತ್ತದೆ. ಆ ಅಂಚು ಎಲ್ಲಿದೆಯೆಂದು ಪ್ರತಿ ಹಲಗೆಯನ್ನೂ ಬಾಗಿಸಿ, ತಟ್ಟಿ, ಕೇಳಿ ತೀರ್ಮಾನಿಸಬೇಕು. ಸ್ಪ್ರೂಸ್‌ನ ಎರಡು ಹಲಗೆಗಳು ಒಂದೇ ಥರ ಇರುವುದಿಲ್ಲ. ಹೀಗಾಗಿ 1937ರ ಗಿಟಾರೊಂದರ ಒಳಪಟ್ಟಿಯನ್ನು ಕೂದಲೆಳೆಯಷ್ಟು ನಿಖರವಾಗಿ ಅಳೆದು, ಅದೇ ಅಳತೆಯನ್ನು ಬೇರೆ ಮರದ ಹಲಗೆಗೆ ಹೊಂದಿಸಿದರೆ ಅಳತೆ ಸರಿಬಂದೀತು, ದನಿ ತಪ್ಪೀತು. ನಕಲು ನಿಷ್ಠವಾದಷ್ಟೂ ಫಲ ಹತ್ತಿರವಾಗುತ್ತದೆ ಎಂಬ ನಂಬಿಕೆ ಇಲ್ಲಿಯೇ ಮುರಿಯುತ್ತದೆ.

ಹಾಗಾದರೆ ಬೆನ್ನಿನ ಮರಕ್ಕೆ ಏನೂ ಪಾತ್ರವಿಲ್ಲವೇ? ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು ಮತ್ತು ಪಕ್ಕಗಳನ್ನು ರದ್ದಿ ಕಾಗದದ ಅಂಟುಹಲಗೆಯಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಸ್ಪ್ರೂಸ್‌ನಿಂದ ಮಾಡಿ ಒಂದು ಗಿಟಾರ್ ಕಟ್ಟಿದ. ದನಿಯ ಬಹುಪಾಲು ಮೇಲ್ಹಲಗೆಯ ಕೆಲಸ ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ನಮ್ಮ ಕಾಲದಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಶಿಸ್ತಿನಿಂದ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಒಬ್ಬರೇ ಕುಶಲಕರ್ಮಿ ಒಂದೇ ವಿನ್ಯಾಸದಲ್ಲಿ ಕಟ್ಟಿದ ಆರು ಸ್ಟೀಲ್ ತಂತಿ ಗಿಟಾರ್‌ಗಳು. ಬೆನ್ನು ಮತ್ತು ಪಕ್ಕಗಳ ಮರ ಮಾತ್ರ ಬೇರೆ ಬೇರೆ. ಅವುಗಳಲ್ಲಿ ಒಂದು ಬ್ರೆಜಿಲಿಯನ್ ರೋಸ್‌ವುಡ್, ಒಂದು ಬೀಟೆ. ಮಹಾಗನಿ, ಮೇಪಲ್‌ಗಳೂ ಇದ್ದವು. ಯಾವ ಮರವೆಂದು ಕಾಣದ ಹಾಗೆ 52 ಮಂದಿ ಗಿಟಾರ್ ವಾದಕರು ನುಡಿಸಿ ಅಂಕ ಕೊಟ್ಟರು. ಅಂಕಗಳಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅತಿ ದುಬಾರಿ ಮರಕ್ಕೆ ಮೇಲುಗೈ ಸಿಗಲಿಲ್ಲ.

ಒಂದು ಪ್ರಯೋಗದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ, ನಿಜ. ಸಾಂದ್ರ ಮರದ ಬೆನ್ನು ಕಡಿಮೆ ಶಕ್ತಿ ಹೀರುತ್ತದೆ. ಬೀಟೆಯ ಒಣ ಹಲಗೆಯನ್ನು ಎರಡು ಬೆರಳಲ್ಲಿ ಹಿಡಿದು ತಟ್ಟಿದರೆ ಗಂಟೆಯಂತೆ ದೀರ್ಘವಾಗಿ ಮೊಳಗುತ್ತದೆ. ಮಂದ್ರ ಸ್ವರಗಳ ಅನುರಣನದಲ್ಲಿ ರೋಸ್‌ವುಡ್ ಬೆನ್ನಿಗೂ ಮಹಾಗನಿ ಬೆನ್ನಿಗೂ ವ್ಯತ್ಯಾಸ ಕೇಳಿಸುತ್ತದೆ ಎನ್ನುವ ನುರಿತ ತಯಾರಕರಿದ್ದಾರೆ, ಅವರ ಅನುಭವಕ್ಕೆ ಬೆಲೆಯಿದೆ. ಆದರೆ ಆ ವ್ಯತ್ಯಾಸ ಇದ್ದರೂ ಸೂಕ್ಷ್ಮ. ಅದನ್ನು ಹತ್ತು ಪಟ್ಟು ಬೆಲೆಗೆ, ಅಸಲಿ ಮತ್ತು ಬದಲಿ ಎಂಬ ಶ್ರೇಣಿಗೆ ಏರಿಸುವುದಕ್ಕೆ ಕಿವಿಯ ಸಾಕ್ಷ್ಯವಿಲ್ಲ.

ಆ ಶ್ರೇಣಿ ಹುಟ್ಟಿದ್ದು ಕೊರತೆಯಿಂದ. ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿಯ ಕಾಡು ಕರಗುತ್ತಾ ಬಂದಂತೆ ಅಗಲ ಹಲಗೆ ಕೊಡುವ ಮರಗಳು ಸಿಗದಾದವು. ಮಾರ್ಟಿನ್ 1965ರಲ್ಲಿ ಡಿ-35 ಎಂಬ ಮಾದರಿ ತಂದದ್ದೇ ಈ ಕಾರಣಕ್ಕೆ. ಎರಡರ ಬದಲು ಮೂರು ತುಂಡುಗಳ ಬೆನ್ನು, ಕಿರಿದಾದ ಹಲಗೆಗಳೂ ಉಪಯೋಗಕ್ಕೆ ಬರಲೆಂದು. ಇಂದು ಡಿ-35ನ್ನು ಯಾರೂ ರಾಜಿ ಎನ್ನುವುದಿಲ್ಲ, ಅದಕ್ಕೆ ಅದರದೇ ಅಭಿಮಾನಿಗಳಿದ್ದಾರೆ. 1992ರಲ್ಲಿ ಬ್ರೆಜಿಲಿಯನ್ ರೋಸ್‌ವುಡ್ ವನ್ಯಜೀವಿ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ಮೊದಲ ಅನುಬಂಧ ಸೇರಿತು. ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಅದು. ಒಂದು ಮರ ಆ ಪಟ್ಟಿಗೆ ಸೇರಿದ ಮೇಲೆ ಅದರ ದನಿಯ ಬಗ್ಗೆ ಹುಟ್ಟುವ ಕಥೆಗಳಲ್ಲಿ ದುರ್ಲಭತೆಯ ಪಾಲೆಷ್ಟು, ಕಿವಿಯ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವುದು ವಿಮರ್ಶಕನ ಕರ್ತವ್ಯ.

ಇನ್ನು ವಯಸ್ಸಿನ ಮಾತು. ಎಂಬತ್ತು ವರ್ಷ ನುಡಿದ ಹಲಗೆಯ ಗುಣ ಹೊಸದಕ್ಕೆ ಎಲ್ಲಿಂದ ಬರಬೇಕು ಎಂಬುದು ರೀಇಶ್ಯೂ ವಿರುದ್ಧದ ಬಲವಾದ ಆಕ್ಷೇಪ. ಇದರಲ್ಲಿ ಸತ್ಯವಿದೆ. ಮರದೊಳಗಿನ ಹೆಮಿಸೆಲ್ಯುಲೋಸ್ ಕಾಲಕ್ರಮದಲ್ಲಿ ಶಿಥಿಲವಾಗುತ್ತದೆ, ಮರ ಹಗುರಾಗುತ್ತದೆ, ತೇವ ಹೀರುವುದು ಕಡಿಮೆಯಾಗುತ್ತದೆ. ಆಮ್ಲಜನಕವಿಲ್ಲದ ಒಲೆಯಲ್ಲಿ ಮರವನ್ನು ಬೇಯಿಸಿ ಈ ಬದಲಾವಣೆಯನ್ನು ಬೇಗ ತರುವ ಟಾರಿಫ್ಯಾಕ್ಷನ್ ವಿಧಾನವನ್ನು ಈಗ ದೊಡ್ಡ ಕಂಪನಿಗಳೂ ಬಳಸುತ್ತಿವೆ. ಅದು ಒಂದು ಮಟ್ಟಕ್ಕೆ ಕೆಲಸ ಮಾಡುತ್ತದೆ; ಬೆಂದ ಮರ ಸ್ವಲ್ಪ ಪೆಡಸಾಗುತ್ತದೆ ಎಂಬುದೂ ನಿಜ. ಆದರೆ ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ನೆನೆಯಬೇಕು. 1930ರ ದಶಕದ ಎಲ್ಲ ಗಿಟಾರ್‌ಗಳೂ ಚೆನ್ನಾಗಿರಲಿಲ್ಲ. ಚೆನ್ನಾಗಿದ್ದವನ್ನು ಜನ ಜೋಪಾನ ಮಾಡಿದರು, ದುರಸ್ತಿ ಮಾಡಿಸಿದರು. ಸಾಧಾರಣವಾದವು ಮುರಿದು ಮೂಲೆ ಸೇರಿದವು. ಉಳಿದು ಬಂದ ಉತ್ತಮೋತ್ತಮವನ್ನು ಇಂದಿನ ಸರಾಸರಿಯ ಎದುರು ಇಟ್ಟು ತೂಗುವುದು ನ್ಯಾಯವಲ್ಲ.

ವಯೊಲಿನ್ ಲೋಕದಲ್ಲಿ ಈ ನ್ಯಾಯದ ಪರೀಕ್ಷೆ ನಡೆದಿದೆ. ಕ್ಲಾಡಿಯಾ ಫ್ರಿಟ್ಜ್ ಮತ್ತು ಜೋಸೆಫ್ ಕರ್ಟಿನ್ ತಂಡ 2012ರಲ್ಲಿ ಪ್ಯಾರಿಸ್‌ನಲ್ಲಿ ಹತ್ತು ಮಂದಿ ಖ್ಯಾತ ವಾದಕರಿಗೆ ಕಣ್ಣು ಮರೆಮಾಡಿ ಹಳೆಯ ಇಟಾಲಿಯನ್ ವಯೊಲಿನ್‌ಗಳನ್ನೂ ಹೊಸವನ್ನೂ ಕೊಟ್ಟಿತು. ಹಳೆಯವುಗಳಲ್ಲಿ ಸ್ಟ್ರಾಡಿವಾರಿಗಳೂ ಇದ್ದವು. ತಮ್ಮ ವಾದ್ಯದ ಬದಲಿಗೆ ಒಂದನ್ನು ಆರಿಸಿ ಎಂದಾಗ ಹತ್ತರಲ್ಲಿ ಆರು ಮಂದಿ ಹೊಸದನ್ನು ಆರಿಸಿದರು. ಕಾಫಿ ಪರೀಕ್ಷಕರು ತೋಟದ ಹೆಸರು ನೋಡದೆ ಬಟ್ಟಲಿನ ರುಚಿ ನೋಡಿ ಅಂಕ ಕೊಡುವಂತೆ, ಗಿಟಾರನ್ನೂ ಲೇಬಲ್ಲು ಕಾಣದ ಕಡೆ ಕೂತು ಕೇಳಬೇಕು. ಕೇಳಿದ ಮೇಲೆ ಮರದ ಹೆಸರು, ವರ್ಷ, ಬೆಲೆ ತಿಳಿಯಲಿ. ಈ ಕ್ರಮ ತಲೆಕೆಳಗಾದ ಕ್ಷಣದಲ್ಲೇ ವಿಮರ್ಶೆ ಹೆಸರಿನ ವಿಮರ್ಶೆಯಾಗಿಬಿಡುತ್ತದೆ.

ಹಳೆಯ ವಸ್ತುವಿಗೆ ದನಿಯಾಚೆಗೂ ಬೆಲೆಯಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಒಂದು ಹಳೆಯ ಗಿಟಾರ್ ಎಷ್ಟು ಕೈಗಳನ್ನು ದಾಟಿ ಬಂತು, ಯಾವ ಹಾಡುಗಳಿಗೆ ಜೊತೆಯಾಯಿತು ಎಂಬುದು ಅದರ ಸ್ವಂತ ಆಸ್ತಿ. ಆ ಆಸ್ತಿಯನ್ನು ಯಾವ ಕಾರ್ಖಾನೆಯೂ ಮತ್ತೆ ತಯಾರಿಸಲಾರದು; ಅದಕ್ಕಾಗಿಯೇ ಹೊಸ ಗಿಟಾರಿನ ಮೈಯನ್ನು ಬೇಕೆಂದೇ ಕೆರೆದು, ಬಣ್ಣ ಕೀಳಿಸಿ, ಬೇರೆಯವರ ನೆನಪನ್ನು ಅಂಟಿಸಿ ಮಾರುವುದನ್ನು ನಾನು ಒಪ್ಪಲಾರೆ. ನಮ್ಮಲ್ಲಿಯೇ ಇದಕ್ಕಿಂತ ಆರೋಗ್ಯಕರವಾದ ಪರಂಪರೆಯಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ಇಂದಿಗೂ ವೀಣೆ ಕೆತ್ತುತ್ತಾರೆ. ಅದರ ಆಕಾರ ಹಳೆಯದು, ಕ್ರಮ ಹಳೆಯದು. ಆದರೂ ಹೊಸ ವೀಣೆಯನ್ನು ಯಾರೂ ಇಂಥ ವರ್ಷದ ವೀಣೆಯ ಪ್ರತಿ ಎನ್ನುವುದಿಲ್ಲ, ವೀಣೆ ಎನ್ನುತ್ತಾರೆ. ಕೊಳ್ಳುವವರು ನಾದ ಕೇಳುತ್ತಾರೆ, ಮೆಟ್ಟಿಲುಗಳ ಶ್ರುತಿ ನೋಡುತ್ತಾರೆ, ದಂಡಿಯ ನೇರ ನೋಡುತ್ತಾರೆ. ಕಸುಬು ಕೈಯಿಂದ ಕೈಗೆ ಮುಂದುವರಿದ ಕಡೆ ನಕಲಿನ ಆತಂಕವೇ ಇರುವುದಿಲ್ಲ. ರೀಇಶ್ಯೂ ಕೂಡ ಹೀಗೆ ಮುಂದುವರಿಕೆಯಾಗಿ ನಿಲ್ಲಬೇಕು, ಅದೇ ಅದಕ್ಕೆ ಗೌರವ.

ಈಗ ಮೂರನೇ ಪ್ರಶ್ನೆಗೆ ಬರೋಣ, ಮರ ಎಲ್ಲಿಂದ ಬಂತು? ಡ್ರೆಡ್‌ನಾಟ್ ಗಿಟಾರಿನ ಅತಿ ಅಗಲದ ಜಾಗ ಸುಮಾರು 40 ಸೆಂಟಿಮೀಟರ್. ಬೆನ್ನಿಗೆ ಕನ್ನಡಿಯ ಬಿಂಬದಂತೆ ಹೊಂದುವ ಎರಡು ಹಲಗೆ ಬೇಕು. ಒಂದೊಂದೂ 20 ಸೆಂಟಿಮೀಟರ್ ಅಗಲ, ತಿರುಳಿನ ಭಾಗದ್ದು, ಎಳೆ ನೆಟ್ಟಗಿರುವಂತೆ ಸೀಳಿದ್ದು. ಅಂದರೆ ಅರ್ಧ ಮೀಟರಿಗೂ ಹೆಚ್ಚು ದಪ್ಪದ ಕಾಂಡ ಬೇಕು. ಬೀಟೆ ನಿಧಾನಕ್ಕೆ ಬೆಳೆಯುವ ಮರ. ಅಷ್ಟು ದಪ್ಪವಾಗಲು ತಲೆಮಾರುಗಳು ಬೇಕು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅದು ಅಪಾಯಕ್ಕೆ ಈಡಾಗಬಹುದಾದ ಪ್ರಭೇದ. 2017ರ ಜನವರಿ 2ರಿಂದ, ಆಗಲೇ ಮೊದಲ ಅನುಬಂಧದಲ್ಲಿದ್ದ ಬ್ರೆಜಿಲಿಯನ್ ರೋಸ್‌ವುಡ್ ಬಿಟ್ಟು, ಬೀಟೆ ಸೇರಿದ ಡಾಲ್ಬರ್ಜಿಯಾ ಕುಲದ ಉಳಿದ ಮರಗಳೆಲ್ಲ ಸೈಟ್ಸ್‌ನ ಎರಡನೇ ಅನುಬಂಧಕ್ಕೆ ಸೇರಿದವು. ಗಿಟಾರ್ ಹಿಡಿದು ಗಡಿ ದಾಟುವ ವಾದಕರೂ ಕಾಗದಪತ್ರದ ಚಿಂತೆ ಮಾಡುವಂತಾಯಿತು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮರಕ್ಕೆ ಮಾತ್ರ ನಿಯಂತ್ರಣ ಉಳಿಯಿತು, ಉಳಿಯಬೇಕಾದದ್ದೂ ನ್ಯಾಯವೇ.

ಭಾರತ ಬೀಟೆಯ ದಿಮ್ಮಿಗಳನ್ನು ರಫ್ತು ಮಾಡಲು ಬಿಡುವುದಿಲ್ಲ. ಇಲ್ಲಿ ಕೆಲಸ ಪೂರೈಸಿದ ಭಾಗಗಳು ಹೋಗಬಹುದು. ಈ ನಿಯಮ ಒಮ್ಮೆ ಅಮೆರಿಕದಲ್ಲೇ ದೊಡ್ಡ ಸುದ್ದಿಯಾಯಿತು. 2011ರ ಆಗಸ್ಟ್‌ನಲ್ಲಿ ಅಲ್ಲಿನ ಅಧಿಕಾರಿಗಳು ಗಿಬ್ಸನ್ ಗಿಟಾರ್ ಕಂಪನಿಯ ಕಾರ್ಖಾನೆಗಳಿಗೆ ದಾಳಿಯಿಟ್ಟು ಭಾರತದಿಂದ ಬಂದ ಫಿಂಗರ್‌ಬೋರ್ಡ್ ತುಂಡುಗಳನ್ನು ವಶಕ್ಕೆ ಪಡೆದರು. ಅವು ಪೂರ್ಣಗೊಂಡ ಭಾಗಗಳೋ ಬರೀ ಸೀಳಿದ ಮರವೋ ಎಂಬುದೇ ವಿವಾದ. ಮರ ಬಂದ ದೇಶದ ಕಾನೂನು ಮುರಿದರೂ ಅಪರಾಧವೆನ್ನುವ ಲೇಸಿ ಕಾಯಿದೆ 2008ರಿಂದ ಮರಗಳಿಗೂ ಅನ್ವಯಿಸುತ್ತಿತ್ತು. 2012ರಲ್ಲಿ, ಮಡಗಾಸ್ಕರ್ ಎಬೊನಿಯ ಹಿಂದಿನ ಪ್ರಕರಣವೂ ಸೇರಿ, ಕಂಪನಿ 3 ಲಕ್ಷ ಡಾಲರ್ ದಂಡ ಕಟ್ಟಿ ಒಪ್ಪಂದ ಮಾಡಿಕೊಂಡಿತು. ಭಾರತದ ಮರ ಅದಕ್ಕೆ ಮರಳಿ ಸಿಕ್ಕಿತು. ಈ ಘಟನೆಯ ಪಾಠ ಸ್ಪಷ್ಟ. ಗಿಟಾರಿನ ಮರದ ಮೂಲ ಕೇಳುವುದು ವಿಮರ್ಶೆಯ ಹೊರಗಿನ ವಿಷಯವಲ್ಲ.

ವನಗೂರಿನ ಸುತ್ತಿನ ಬೆಳೆಗಾರರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಬೀಟೆ ಕಡಿಯಲು, ಸಾಗಿಸಲು ಇಲಾಖೆಯ ಅನುಮತಿ ಬೇಕು. ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್‌ಗೆ ಅಂಥ ತೊಡಕು ಕಡಿಮೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟನೆ ಆಸರೆಯಾಗುತ್ತದೆ. ಹೀಗಾಗಿ ತೋಟಗಳಲ್ಲಿ ನೆಡುವ ಕೈ ಸಿಲ್ವರ್ ಓಕ್ ಕಡೆಗೇ ಹೋಗುತ್ತದೆ. ಬೀಟೆ ದ್ವಿದಳ ಕುಟುಂಬದ್ದು, ಬೇರಿನ ಮೂಲಕ ಮಣ್ಣಿಗೆ ಸಾರಜನಕ ಕೊಡುತ್ತದೆ, ನಾಡಿನ ಮಳೆಗೆ ಒಗ್ಗಿದ ಮರ. ಅದನ್ನು ಕಾಯುವವರಿಗೆ ಇಂದು ಸಿಗುವುದು ಜವಾಬ್ದಾರಿ ಮಾತ್ರ. ದೂರದ ಮಾರುಕಟ್ಟೆ ಆ ಮರವನ್ನು ಬದಲಿ ಎಂದು ಕರೆಯುವಷ್ಟು ಕಾಲ ಅದರ ಬೆಲೆ ಅದರ ಯೋಗ್ಯತೆಗಿಂತ ಕೆಳಗೇ ಇರುತ್ತದೆ. ಬೆಲೆ ಇಲ್ಲದ ಮರವನ್ನು ಮೊಮ್ಮಕ್ಕಳಿಗಾಗಿ ನೆಡು ಎಂದು ಯಾರಿಗೂ ಹೇಳಲಾಗದು. ಮೈಸೂರಿನ ಕೆತ್ತನೆಗಾರರು ಬೀಟೆಯನ್ನು ಬದಲಿ ಎಂದುಕೊಂಡವರಲ್ಲ. ಅರಮನೆಯ ಅಂಬಾವಿಲಾಸಕ್ಕೆ ದಂತ ಕೂರಿಸಿದ ಬೀಟೆಯ ಬಾಗಿಲು ಮಾಡಿದ ಕಸುಬು ಅವರದು. ಗಿಟಾರ್ ಲೋಕವೂ ಆ ಗೌರವ ಕಲಿಯಬೇಕು.

ಈ ನೆಲದಿಂದ ನೋಡುವಾಗ ಕಾಣುವ ಇನ್ನೊಂದು ಅಂಶ ತೇವಾಂಶ. ತಯಾರಕರು ಗಿಟಾರನ್ನು ಶೇಕಡಾ 45ರಿಂದ 55ರ ಸಾಪೇಕ್ಷ ಆರ್ದ್ರತೆಯಲ್ಲಿ ಇಡಿ ಎನ್ನುತ್ತಾರೆ. ವನಗೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಮೇಲ್ಹಲಗೆ ತೇವ ಹೀರಿ ಉಬ್ಬುತ್ತದೆ, ತಂತಿ ಫ್ರೆಟ್‌ನಿಂದ ಮೇಲೇಳುತ್ತದೆ, ದನಿ ಮಂಕಾಗುತ್ತದೆ. ಹಳೆಯದಕ್ಕೆ ನಿಷ್ಠವಾಗಿರಲೆಂದು ಕೆಲವು ರೀಇಶ್ಯೂಗಳಲ್ಲಿ ಪ್ರಾಣಿಚರ್ಮದಿಂದ ಮಾಡಿದ ಬಿಸಿ ಅಂಟು ಬಳಸುತ್ತಾರೆ. ಬಿಸಿ ಮಾಡಿದರೆ ಬಿಡುವ ಆ ಅಂಟು ದುರಸ್ತಿಗೆ ಅನುಕೂಲ, ಕೂಡಿಸಿದ ಜಾಗ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ತಿಂಗಳುಗಟ್ಟಲೆ ತೇವ, ಸೆಖೆ ಎರಡೂ ಇದ್ದಲ್ಲಿ ಅದು ಸಡಿಲವಾಗುತ್ತದೆ. ಪೆನ್ಸಿಲ್ವೇನಿಯಾಕ್ಕೆ ಸರಿಯಾದ ನಿಷ್ಠೆ ಮಲೆನಾಡಿಗೆ ಸರಿಯಾಗಬೇಕೆಂದಿಲ್ಲ. ಇಲ್ಲಿ ಕೊಳ್ಳುವವರು ಅಂಟಿನ ಚರಿತ್ರೆಗಿಂತ ಮೊದಲು ನೋಡಬೇಕಾದದ್ದು ಹಲಗೆಯ ಬಾಗು, ಕತ್ತಿನ ಕೋನ, ಒಳಗಿನ ಹೊಂದಾಣಿಕೆಯ ಕಬ್ಬಿಣದ ಸರಳು ಇದೆಯೇ ಇಲ್ಲವೇ ಎಂಬುದನ್ನು. ಯುದ್ಧಪೂರ್ವದ ಮಾರ್ಟಿನ್ ಗಿಟಾರ್‌ಗಳ ಕತ್ತಿನಲ್ಲಿ ತಿರುಗಿಸಿ ಸರಿಪಡಿಸುವ ಸರಳು ಇರಲಿಲ್ಲ. ಅವುಗಳ ಕೆಲವು ಅತಿ ನಿಷ್ಠ ರೀಇಶ್ಯೂಗಳಲ್ಲೂ ಇರುವುದಿಲ್ಲ. ಮಳೆಗಾಲ ಬೇಸಿಗೆಗಳ ನಡುವೆ ಕತ್ತು ಬಾಗುವ ಊರಲ್ಲಿ ಇದು ಕೊರತೆಯೇ.

ಆದ್ದರಿಂದ ರೀಇಶ್ಯೂ ಗಿಟಾರೊಂದು ಕೈಗೆ ಬಂದಾಗ ಮೊದಲು ಕಣ್ಣು ಮುಚ್ಚಿ ನುಡಿಸಿ ನೋಡಬೇಕು: ಮೆಲ್ಲಗೆ ಮೀಟಿದಾಗ ಮಾತಾಡುತ್ತದೆಯೇ, ಬಲವಾಗಿ ಮೀಟಿದಾಗ ಒಡೆಯದೆ ತಡೆಯುತ್ತದೆಯೇ, ಆರೂ ತಂತಿಗಳ ದನಿ ಬಿಡಿಬಿಡಿಯಾಗಿ ಕೇಳುತ್ತದೆಯೇ ಎಂದು. ಆಮೇಲೆ ನಾದರಂಧ್ರದೊಳಗೆ ಕನ್ನಡಿ ಹಿಡಿದು ಒಳಪಟ್ಟಿಗಳ ಕೆಲಸ ನೋಡಬೇಕು, ನಮ್ಮ ಹವೆಯಲ್ಲಿ ಇಪ್ಪತ್ತು ವರ್ಷ ಬಾಳೀತೇ, ದುರಸ್ತಿಯಾದೀತೇ ಎಂದು ವಿಚಾರಿಸಬೇಕು. ಕೊನೆಗೆ, ಮರದ ಮೂಲ ಕೇಳಬೇಕು. ಅಲಂಕಾರದ ಪಟ್ಟಿ 1937ರದಕ್ಕೆ ಹೊಂದುತ್ತದೆಯೇ ಎಂಬುದು ಇವೆಲ್ಲದರ ನಂತರದ ಮಾತು.

ಹೀಗೆ ಅಳೆದಾಗ ಹಲವು ದುಬಾರಿ ರೀಇಶ್ಯೂಗಳು ಕೆಳಗಿಳಿಯುತ್ತವೆ, ಎಷ್ಟೋ ಸಾದಾ ಗಿಟಾರ್‌ಗಳು ಮೇಲೇರುತ್ತವೆ. ಬೀಟೆಯ ಬೆನ್ನಿನ ಒಳ್ಳೆಯ ಗಿಟಾರಿಗೆ ಯಾವ ಸಮಜಾಯಿಷಿಯೂ ಬೇಕಾಗುವುದಿಲ್ಲ. ಈ ಮಾಪನವನ್ನು ರೂಪಿಸುವ ಮಾತುಕತೆಯಲ್ಲಿ ಮರ ಬೆಳೆದ ನಾಡಿನವರಿಗೂ ಪಾಲಿರಬೇಕು. ತೋಟದಲ್ಲಿ ಬೆಳೆದ ಬೀಟೆಗೆ ಗುರುತಿನ ದಾಖಲೆ, ಕಡಿಯುವುದಕ್ಕೆ ನೇರವಾದ ಅನುಮತಿ ಕ್ರಮ, ಒಂದು ಕಡಿದರೆ ಹಲವು ನೆಟ್ಟು ಬೆಳೆಸಿ ತೋರಿಸುವ ಕರಾರು, ವಾದ್ಯಕ್ಕೆ ಹೋಗುವ ಹಲಗೆಗೆ ವಾದ್ಯದ ಬೆಲೆ, ಇಷ್ಟಿದ್ದರೆ ಸಾಕು. ಮಲೆನಾಡಿನ ಬೆಳೆಗಾರರು ಬೀಟೆಯನ್ನು ಹೊರೆಯೆಂದುಕೊಳ್ಳದೆ ಬೆಳೆಯೆಂದು ಕಾಣಲು ಸಾಧ್ಯವಾಗುತ್ತದೆ. ಬ್ರೆಜಿಲಿನ ಕಾಡು ಕೊಟ್ಟ ಎಚ್ಚರಿಕೆ ನಮ್ಮೆದುರಿಗಿದೆ. ಅಲ್ಲಿ ಮರ ಮುಗಿದ ಮೇಲೆ ಅದರ ಗುಣಗಾನ ಶುರುವಾಯಿತು. ಬೀಟೆಯ ಗುಣವನ್ನು ಅದು ಇನ್ನೂ ನಮ್ಮ ನಡುವೆ ಇರುವಾಗಲೇ ಒಪ್ಪಿಕೊಳ್ಳೋಣ, ಅದಕ್ಕೆ ತಕ್ಕ ಬೆಲೆಯನ್ನೂ ರಕ್ಷಣೆಯನ್ನೂ ಈಗಲೇ ಕೇಳೋಣ.